ವಿಡಿಯೊ ತಡವರಿಸಿದಾಗ ದೋಷ ವೈಫೈನದ್ದಾಗಿರಲಿಲ್ಲ

2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬಿನ ಸಂಗೀತ ಕಛೇರಿಗಳು 1080ಪಿ ಗುಣಮಟ್ಟದಲ್ಲಿ ತಡವರಿಸತೊಡಗಿದಾಗ, ಹಾಡು ಸರಾಗವಾಗಿ ಕೇಳುತ್ತಿದ್ದರೂ ಗಾಯಕರ ತುಟಿಗಳ ಚಲನೆ ಹಿಂದೆ ಬೀಳುತ್ತಿದ್ದುದನ್ನು ಕಂಡು, ನಾನು ಮೊದಲು ವೈಫೈಯನ್ನೇ ಶಂಕಿಸಿದೆ. ಆದರೆ ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ಅಂಕಿ-ಅಂಶಗಳ ಫಲಕವನ್ನು ತೆರೆದಾಗ ಬಫರ್, ಅಂದರೆ ಮುಂಚಿತವಾಗಿ ಇಳಿಸಿಟ್ಟ ವಿಡಿಯೊದ ಸಂಗ್ರಹ, ತುಂಬಿಯೇ ಇತ್ತು. ತಪ್ಪಿಹೋದ ಫ್ರೇಮುಗಳ (ವಿಡಿಯೊದ ಬಿಡಿ ಚಿತ್ರಗಳ) ಸಂಖ್ಯೆ ಮಾತ್ರ ಏರುತ್ತಲೇ ಇತ್ತು, ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ) ಸಾಲಿನಲ್ಲಿ ಎವಿ1 ಎಂದಿತ್ತು. ಕಡಿಮೆ ಡೇಟಾದಲ್ಲಿ ಒಳ್ಳೆಯ ಚಿತ್ರ ಕೊಡುವ ಈ ಕೋಡೆಕ್ಕನ್ನು ಬಿಡಿಸುವ ಹಾರ್ಡ್‌ವೇರ್ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಬಂದದ್ದು 2020ರ 11ನೇ ಪೀಳಿಗೆಯಿಂದ. ಅದಿಲ್ಲದ ಯಂತ್ರದಲ್ಲಿ ಇಡೀ ಹೊರೆ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ಯೂಟ್ಯೂಬ್ ಖಾತೆಯ ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿ ಎವಿ1 ಅನ್ನು ಕಡಿಮೆ ರೆಸಲ್ಯೂಶನ್ನಿಗಷ್ಟೇ ಸೀಮಿತಗೊಳಿಸಿ, ಬ್ರೌಸರಿನ ಹಾರ್ಡ್‌ವೇರ್ ಆಕ್ಸಲರೇಶನ್ (ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಹಾರ್ಡ್‌ವೇರಿಗೆ ಒಪ್ಪಿಸುವ ಸೌಲಭ್ಯ) ಚಾಲೂ ಇದೆಯೆಂದು ಖಚಿತಪಡಿಸಿಕೊಂಡ ಬಳಿಕ ಎವಿ1ರ ಜಾಗಕ್ಕೆ ನನ್ನ ಲ್ಯಾಪ್‌ಟಾಪಿನ ಹಾರ್ಡ್‌ವೇರೇ ಬಿಡಿಸಬಲ್ಲ ಹಳೆಯ ಕೋಡೆಕ್ ವಿಪಿ9 ಬಂತು, ಫ್ಯಾನಿನ ಸದ್ದೂ ಅಡಗಿತು. ಮೃದಂಗದ ಮೇಲೆ ಓಡುವ ಬೆರಳುಗಳು ಈಗ ಸ್ಪಷ್ಟವಾಗಿ ಕಾಣುತ್ತಿವೆ.