ಹಳೆಯ ಎಂ5 ಕೆಲಸ: ಎಂಜಿನ್ನಿನ ತಳ ಬಿಚ್ಚಿದೆವು

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಿಂದ ಕೊಂಡು ತಂದ 2007ರ ಬಿಎಂಡಬ್ಲ್ಯು ಎಂ5 ಈಗ ಹಾಸನದ ಗ್ಯಾರೇಜಿನ ಲಿಫ್ಟ್ ಮೇಲಿದೆ. ಎಂಜಿನ್ನನ್ನು ಮೇಲಿನಿಂದ ಅಡ್ಡಪಟ್ಟಿಗೆ ತೂಗುಹಾಕಿ, ಅದರ ಕೆಳಗಿನ ಚೌಕಟ್ಟಾದ ಮುಂಭಾಗದ ಸಬ್‌ಫ್ರೇಮ್ ಇಳಿಸಿ, ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಆಯಿಲ್ ಸಂಪ್ ಕಳಚಿದ್ದೇವೆ. ಪಿಸ್ಟನ್ನುಗಳನ್ನು ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಿಂದ ಬಿಚ್ಚಿದ ಬೇರಿಂಗ್‌ಗಳು ಸಿಲಿಂಡರ್ ಸಂಖ್ಯೆ ಬರೆದ ಹಾಳೆಯ ಮೇಲೆ ಸಾಲಾಗಿ ಕೂತಿವೆ. ವೈರಿಂಗ್ ಮತ್ತು ಬ್ರೇಕ್ ಕೆಲಸ ಹಿಂದೆಯೇ ಮುಗಿದಿದೆ. ಈ ಸಲದ್ದು ನಿಜವಾದ ದೊಡ್ಡ ಕೆಲಸ.

ಇದು 'ಇ60' ತಲೆಮಾರಿನ ಎಂ5. ಟರ್ಬೊ ಇಲ್ಲದ 5 ಲೀಟರ್ ವಿ10 ಎಂಜಿನ್, 7,750 ಆರ್‌ಪಿಎಂನಲ್ಲಿ 507 ಅಶ್ವಶಕ್ತಿ, 8,250ರವರೆಗೂ ಓಟ. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮದುವೆಗೆ ಹೋಗಬಹುದಾದ ನಾಲ್ಕು ಬಾಗಿಲಿನ ಕಾರಿಗೆ ಇಂಥ ಎಂಜಿನ್ ಕೂರಿಸಿದರಲ್ಲ, ಆ ಧೈರ್ಯಕ್ಕೇ ನಾನು ಮನಸೋತದ್ದು. ಹಳೆಯದಾದ ಮೇಲೆ ಇವುಗಳ ಬೆಲೆ ಕೈಗೆಟಕುವಷ್ಟು ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ಆದ್ದರಿಂದ ಕೊಳ್ಳಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟೇ: ಬೇರಿಂಗ್ ಬದಲಿಸುವ ಹಣವನ್ನು ಮೊದಲು ಪಕ್ಕಕ್ಕಿಡಿ, ಚೌಕಾಸಿ ಆಮೇಲೆ ಮಾಡಿ. ಒಂದು ಸುತ್ತು ಓಡಿಸಿ ನೋಡಿದರೆ ಈ ಕಾರಿನ ಒಳಗುಟ್ಟು ತಿಳಿಯುವುದಿಲ್ಲ. ಬೇರಿಂಗ್ ಸವೆದಿದ್ದರೂ ಎಂಜಿನ್ ಹಾಯಾಗಿ ಹಾಡುತ್ತಿರುತ್ತದೆ. ಬಡಿತದ ಸದ್ದು ಕೇಳಿಸುವ ಹೊತ್ತಿಗೆ ಕ್ರ್ಯಾಂಕ್‌ಶಾಫ್ಟ್ ಕೆಟ್ಟಿರುತ್ತದೆ.

ರಾಡಿನ ಕೆಳತುದಿ ಕ್ರ್ಯಾಂಕ್‌ಶಾಫ್ಟನ್ನು ತಬ್ಬುವ ಜಾಗದಲ್ಲಿ, ಒಡೆದ ಬಳೆಯ ಎರಡು ಅರ್ಧಗಳಂತೆ ಕೂರುವ ತೆಳು ಲೋಹದ ಚಿಪ್ಪುಗಳೇ ಈ ಬೇರಿಂಗ್. ಹತ್ತು ರಾಡುಗಳಿಗೆ ಒಟ್ಟು 20. ಶಾಫ್ಟಿಗೂ ಚಿಪ್ಪಿಗೂ ನಡುವೆ ಎಣ್ಣೆಯ ಪೊರೆಯೊಂದೇ ರಕ್ಷೆ. ಈ ಎಂಜಿನ್ನಿನಲ್ಲಿ ಆ ಸಂದು ಬಹಳ ಬಿಗಿ, ಎಣ್ಣೆಯೋ ದಪ್ಪನೆಯ 10ಡಬ್ಲ್ಯು-60. ಎಂಜಿನ್ ತಣ್ಣಗಿರುವಾಗಲೇ ಆಕ್ಸಿಲರೇಟರ್ ಒತ್ತಿ ರೇಗಿಸಿದರೆ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಅದಕ್ಕೆಂದೇ ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನ ಎಚ್ಚರಿಕೆಯ ದೀಪಗಳು ಎಣ್ಣೆ ಕಾದಂತೆ ಒಂದೊಂದಾಗಿ ಮೇಲಕ್ಕೆ ಸರಿಯುತ್ತವೆ. ಕಾರು ನೋಡಲು ಹೋದಾಗ ಮಾರುವವರೇ ಸ್ಟಾರ್ಟ್ ಮಾಡಲಿ, ನೀವು ಪಕ್ಕದಲ್ಲಿ ಕೂತು ಗಮನಿಸಿ. ಆ ದೀಪಗಳನ್ನು ಲೆಕ್ಕಿಸದೆ ಓಡಿಸುವವರ ಕಾರು ಬೇಡ.

ನಮ್ಮ ಮೇಸ್ತ್ರಿಗಳು ಮೂರನೇ ಸಿಲಿಂಡರಿನ ಮೇಲರ್ಧದ ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಗಿಟ್ಟರು. "ಉಗುರಿನಲ್ಲಿ ಸವರಿ ನೋಡಿ, ಸರ್," ಎಂದರು. ಅಂಚಿನಲ್ಲಿ ಮಾಸಲು ಬೂದು ಬಣ್ಣ, ನಡುವೆ ನುಣುಪಾದ ಪಟ್ಟಿ, ಆ ಪಟ್ಟಿಯೊಳಗೆ ತಾಮ್ರದ ಕೆಂಪು. ಮೇಲಿನ ಪದರ ಸವೆದು ಒಳಗಿನ ತಾಮ್ರ ಇಣುಕುತ್ತಿದೆ ಎಂದರ್ಥ. ಕ್ರ್ಯಾಂಕ್‌ಶಾಫ್ಟ್ ಮೇಲೆ ಗೀರಿಲ್ಲ. ಕೈಯಾಡಿಸಿದಾಗ ಗಾಜಿನ ನುಣುಪು ಸಿಕ್ಕಿತು. ನನ್ನ ಎದೆ ಹಗುರಾದದ್ದು ಆಗಲೇ.

ಕೊಳ್ಳುವ ಮುನ್ನ ಸಂಪ್ ಬಿಚ್ಚಿಸಲು ಯಾರೂ ಒಪ್ಪುವುದಿಲ್ಲ, ನಿಜ. ಎಣ್ಣೆ ಬದಲಿಸಿ ತೋರಿಸಲು ಒಪ್ಪಬಹುದು. ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ಲೋಹದ ಪುಡಿ ಹೊಳೆಯುತ್ತದೆಯೇ ನೋಡಿ. ಅಯಸ್ಕಾಂತವನ್ನು ನಂಬಬೇಡಿ, ಬೇರಿಂಗಿನ ಪುಡಿ ಅದಕ್ಕೆ ಅಂಟುವುದಿಲ್ಲ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸೀಸ ಮತ್ತು ತಾಮ್ರದ ಪ್ರಮಾಣ ಗೊತ್ತಾಗುತ್ತದೆ. ಆದರೆ ಎಣ್ಣೆ ಹೊಸದಾಗಿ ತುಂಬಿಸಿದ್ದರೆ ಆ ವರದಿಗೆ ಬೆಲೆಯಿಲ್ಲ.

ಇನ್ನು ಗೇರ್‌ಬಾಕ್ಸ್. ಇದು ಮಾಮೂಲಿ ಆಟೊಮ್ಯಾಟಿಕ್ ಅಲ್ಲ. ಒಂದೇ ಕ್ಲಚ್ಚಿನ ಏಳು ಗೇರಿನ 'ಎಸ್‌ಎಂಜಿ'. ಕ್ಲಚ್ ಒತ್ತುವ ಕೆಲಸವನ್ನು ಹೈಡ್ರಾಲಿಕ್ ಪಂಪು ಮಾಡುತ್ತದೆ. ನಮ್ಮ ಮಲೆನಾಡಿನ ತೋಟದ ಮನೆಗಳ ಕಡಿದಾದ ಏರು ಇದಕ್ಕೆ ದೊಡ್ಡ ಶತ್ರು. ಗೇಟಿನ ಮುಂದೆ ಆಕ್ಸಿಲರೇಟರಿನಲ್ಲೇ ಕಾರನ್ನು ತಡೆದು ನಿಲ್ಲಿಸುವುದು, ಏರಿನಲ್ಲಿ ರಿವರ್ಸ್ ತೆಗೆಯುವುದು, ಎರಡೂ ಕ್ಲಚ್ಚನ್ನು ಸುಡುತ್ತವೆ. ಕಂಪ್ಯೂಟರ್ ಜೋಡಿಸಿ ಕ್ಲಚ್ ಸವೆತದ ಅಂಕಿ ಓದಿಸಿ. ಚಾಲಕನ ಬಾಗಿಲು ತೆರೆದಾಗ ಪಂಪು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ನಿಲ್ಲಬೇಕು. ಮತ್ತೆ ಮತ್ತೆ ಚಾಲೂ ಆಗುತ್ತಿದ್ದರೆ ಒತ್ತಡ ಸೋರುತ್ತಿದೆ. ಗೇರ್‌ಬಾಕ್ಸ್ ಅಲ್ಲದೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತೆರೆಯುವ ಎರಡು ಆಕ್ಚುಯೇಟರ್‌ಗಳ (ಮೋಟಾರು ಸಾಧನಗಳ) ಒಳಗಿನ ಪ್ಲಾಸ್ಟಿಕ್ ಹಲ್ಲುಗಳೂ ಸವೆಯುತ್ತವೆ. ಆಗ ಹಳದಿ ದೀಪ ಹತ್ತಿ ಶಕ್ತಿ ಕುಗ್ಗುತ್ತದೆ.

ಮಳೆಗಾಲವಿಡೀ ನಿಂತ ಕಾರಾದರೆ ಮುಂಗಾಜಿನ ಕೆಳಗಿನ ನೀರು ಹೋಗುವ ದಾರಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿದೆಯೇ, ಡಿಕ್ಕಿಯ ತಳದಲ್ಲಿ ತೇವವಿದೆಯೇ ಎಂದು ಬಗ್ಗಿ ನೋಡಿ. ಬ್ಯಾಟರಿ ಇರುವುದೂ ಅಲ್ಲೇ. ಇಲಿ ಕಡಿದ ವೈರನ್ನು ಹುಡುಕಲು ನಮಗೆ ಬೇರಿಂಗ್ ಬಿಚ್ಚಿದ್ದಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು.

ಕಾಗದಪತ್ರಗಳನ್ನೂ ಕಡೆಗಣಿಸಬೇಡಿ. 15 ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣ, ತಪಾಸಣೆ, ಹಸಿರು ತೆರಿಗೆ ಎಲ್ಲ ಇವೆ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದರೆ ನಮೂನೆ 35. ನವೀಕರಣವಾಗದ ಕಾರು ಎಷ್ಟು ಅಗ್ಗವಾಗಿ ಸಿಕ್ಕರೂ ಆ ಕೆಲಸವನ್ನು ಮಾರುವವರಿಂದಲೇ ಮಾಡಿಸಿ.

ಹೊಸ ಚಿಪ್ಪುಗಳು ಬಂದಿವೆ. ರಾಡಿನ 20 ಬೋಲ್ಟುಗಳಿಗಾಗಿ ಕಾಯುತ್ತಿದ್ದೇವೆ. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟುಗಳಾದ್ದರಿಂದ ಹಳೆಯವನ್ನು ಮತ್ತೆ ಹಾಕುವಂತಿಲ್ಲ. ಸಂಪ್ ಇಳಿದಿರುವಾಗಲೇ ವಾಲ್ವುಗಳು ತೆರೆಯುವ ಸಮಯ ಹೊಂದಿಸುವ ವ್ಯಾನೋಸ್ ವ್ಯವಸ್ಥೆಯ ಹೈ ಪ್ರೆಶರ್ ಪೈಪನ್ನೂ ಬದಲಿಸುತ್ತೇವೆ. ಎಲ್ಲ ಕೂಡಿಸಿದ ಮೇಲೆ ಬೇಲೂರು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎಣ್ಣೆ ಇಳಿಸಿ, ಮತ್ತೆ ಫಿಲ್ಟರ್ ಬಿಡಿಸಿ ನೋಡುವುದು ಮುಂದಿನ ಕೆಲಸ.