ಮೂಲೆಯ ಹೊಂಡವನ್ನು ನಂಬಿ ಗುಡ್ಡವನ್ನೆಲ್ಲ ಕೆರೆದರೆ

ಅಳಿವೆಯ ದಂಡೆಯ ಇನ್ನೊಂದು ಕಾಮಗಾರಿಯ ನಕ್ಷೆ ಪರಿಶೀಲನೆಗೆಂದು ನನ್ನ ಮೇಜಿಗೆ ಬಂದಿದೆ. ಇಡೀ ಜಾಗವನ್ನು ಒಂದೇ ಕಂತಿನಲ್ಲಿ ಸಮತಟ್ಟು ಮಾಡುವುದು, ಕೆಳಗಿನ ಅಂಚಿಗೆ ಹೂಳು ತಡೆಯುವ ಬಟ್ಟೆಯ ಬೇಲಿ, ಅಂದರೆ ಸಿಲ್ಟ್ ಫೆನ್ಸ್, ನೀರಿನ ಕಡೆಯ ಮೂಲೆಯಲ್ಲಿ ಕೆಸರುನೀರು ನಿಂತು ಮಣ್ಣು ತಳಕ್ಕಿಳಿಯಲೆಂದು ಒಂದು ಹೊಂಡ, ಅಂದರೆ ಬೇಸಿನ್. ಇದೇ ನಕ್ಷೆಯನ್ನು ನಾನು ಹಿಂದೆ ಕಂಡಿದ್ದೇನೆ. ಮಳೆ ಬಂದಾಗ ಅದು ಹೇಗೆ ಕೈಕೊಟ್ಟಿತು ಎಂಬುದನ್ನೂ ಕಂಡಿದ್ದೇನೆ. ಆ ಸಿಟ್ಟು ಇನ್ನೂ ಆರಿಲ್ಲ.

ಆ ಕಾಮಗಾರಿಯಲ್ಲಿ ನಾನು ನೀರಿನ ನಿಗಾ ತಂಡದಲ್ಲಿದ್ದೆ. ಬೇಸಿನ್ ಅಳತೆಗೆ ಸರಿಯಾಗಿಯೇ ಇತ್ತು. ಫೆನ್ಸಿನ ಬುಡವನ್ನು ಮಣ್ಣಿನಲ್ಲಿ ಹೂತಿದ್ದರು; ಎಷ್ಟೋ ಕಡೆ ಅಷ್ಟನ್ನೂ ಮಾಡುವುದಿಲ್ಲ. ಆದರೆ ಮೇಲಿನ 5 ಹೆಕ್ಟೇರ್ ಜಾಗದಲ್ಲಿ ಒಂದು ಹುಲ್ಲುಕಡ್ಡಿ ಉಳಿದಿರಲಿಲ್ಲ. ಯಂತ್ರಗಳ ಬಾಡಿಗೆ ಉಳಿಯುತ್ತದೆಂದು ಎಲ್ಲವನ್ನೂ ಒಟ್ಟಿಗೆ ಕೆರೆದಿದ್ದರು. ತುಂಡು ತುಂಡಾಗಿ ತೆರೆಯಿರಿ, ಒಂದಕ್ಕೆ ಹೊದಿಕೆ ಹಾಕಿದ ಮೇಲೆ ಇನ್ನೊಂದಕ್ಕೆ ಕೈಹಾಕಿ ಎಂದು ನಾವು ಕೊಟ್ಟಿದ್ದ ಟಿಪ್ಪಣಿಯ ಮುಂದೆ ಸಭೆಯ ನಡಾವಳಿಯಲ್ಲಿ ‘ಗಮನಿಸಲಾಗಿದೆ’ ಎಂದು ಬರೆದು ಮುಗಿಸಿದ್ದರು.

1 ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. 5 ಹೆಕ್ಟೇರ್ ಮೇಲೆ ಒಂದು ರಾತ್ರಿ 60 ಮಿಲಿಮೀಟರ್ ಸುರಿದರೆ 3,000 ಘನ ಮೀಟರ್. ಯಂತ್ರ ಓಡಾಡಿ ಗಟ್ಟಿಯಾದ ಬೋಳು ನೆಲ ಅದರಲ್ಲಿ ಎಷ್ಟನ್ನು ಕುಡಿದೀತು? ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದಿತ್ತು.

ಆ ರಾತ್ರಿ ನಾನು ತಲುಪುವಾಗ ಬೇಸಿನ್ನಿನ ನೀರು, ತುಂಬಿದಾಗ ಹೊರಹರಿಯುವ ದಾರಿಯಾದ ಸ್ಪಿಲ್‌ವೇಗೆ ಒಂದು ಗೇಣು ಕೆಳಗಿತ್ತು. ಅಡಿಪಾಯದ ಗುಂಡಿಯೂ ತುಂಬಿತ್ತು. ನೀರು ಹೊರಹಾಕುವ ಡೀವಾಟರಿಂಗ್ ಪಂಪನ್ನು ಗುಂಡಿಯ ಪಕ್ಕಕ್ಕೆ ತಂದು, ಪೈಪಿನ ಬಾಯನ್ನು ನೇರವಾಗಿ ಅಳಿವೆಯ ಕಡೆಗೆ ತಿರುಗಿಸಿ ಇಟ್ಟಿದ್ದರು. ಸೈಟ್ ಮ್ಯಾನೇಜರ್ ಛತ್ರಿ ಹಿಡಿದು ನಿಂತಿದ್ದರು. ‘ಮೇಡಂ, ಕಂಬಿ ಕಟ್ಟಿ ಆಗಿದೆ. ಬೆಳಿಗ್ಗೆ ಕಾಂಕ್ರೀಟ್ ಬರುತ್ತದೆ. ಗುಂಡಿ ಖಾಲಿಯಾಗಲೇಬೇಕು’ ಎಂದರು. ಪಂಪಿನ ಹುಡುಗ ಸ್ಟಾರ್ಟರ್ ಮೇಲೆ ಕೈಯಿಟ್ಟು ಒಮ್ಮೆ ಅವರ ಮುಖವನ್ನು, ಒಮ್ಮೆ ನನ್ನ ಮುಖವನ್ನು ನೋಡುತ್ತಿದ್ದ.

ಗುಂಡಿಯ ನೀರನ್ನು ಬಾಟಲಿಗೆ ತುಂಬಿ, ಕದಡು ಎಷ್ಟಿದೆಯೆಂದು ಎನ್‌ಟಿಯು ಎಂಬ ಮಾನದಲ್ಲಿ ಅಳೆಯುವ ಮೀಟರಿಗೆ ಹಾಕಿದೆ. ಅಂಕಿ ಬರಲಿಲ್ಲ, ಮಿತಿ ಮೀರಿದೆ ಎಂಬ ಸಂಕೇತ ಮಿನುಗಿತು. ಆ ಮೀಟರ್ 1,000 ಎನ್‌ಟಿಯುವರೆಗೆ ಮಾತ್ರ ಅಳೆಯುತ್ತದೆ. ಒಂದು ಪಾಲು ಗುಂಡಿಯ ನೀರಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ ಮತ್ತೆ ಅಳೆಯಬೇಕು. ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಬಾಟಲಿಯ ಹೊರಮೈ ಒರೆಸಿದಷ್ಟೂ ಮತ್ತೆ ಒದ್ದೆ. ಹೊರಗೆ ಒಂದು ಹನಿ ಇದ್ದರೂ ಅಳತೆ ಕೆಡುತ್ತದೆ. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. ಕೊನೆಗೆ ಬಂದ ಅಂಕಿಯನ್ನು ಹತ್ತರಿಂದ ಗುಣಿಸಿದಾಗ ಅದು ಪರವಾನಗಿಯ ಮಿತಿಯ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ.

ಅಷ್ಟರಲ್ಲಿ ಅವರು ಇನ್ನೊಂದು ವಾದ ತೆಗೆದರು. ‘ಕಡಲಿನ ಇಳಿತ ಶುರುವಾಗಿದೆ. ಈಗ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಎಲ್ಲವೂ ಸಮುದ್ರ ಸೇರಿರುತ್ತದೆ, ಅಳಿವೆಗೆ ಏನೂ ಆಗುವುದಿಲ್ಲ.’ ದಣಿದ ತಲೆಗೆ ಆ ಮಾತು ಒಂದು ಕ್ಷಣ ಸರಿಯೆನಿಸಿತು. ಆದರೆ ಆ ನೀರಿನಲ್ಲಿರುವ ಜೇಡಿಮಣ್ಣು ಹಾಗೆ ಹೋಗುವುದಿಲ್ಲ. ಸಿಹಿನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಅದರ ಕಣಗಳು ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿ, ಉಂಡೆಗಟ್ಟಿ ಕೆಳಗಿಳಿಯುತ್ತವೆ. ಇಳಿಯುವ ಜಾಗ ತೆರೆದ ಸಮುದ್ರವಲ್ಲ, ಎರಡು ನೀರು ಕೂಡುವ ಅಳಿವೆಯೇ. ಅಲ್ಲಿ ಕಡಲಹುಲ್ಲಿನ ಹಾಸಿತ್ತು, ಸಿಂಪಿಗಳಿದ್ದವು. ಕಡಲಹುಲ್ಲು ಬದುಕಲು ನೀರಿನ ಮೇಲೆ ಬೀಳುವ ಬೆಳಕಿನಲ್ಲಿ ಸುಮಾರು ಶೇ 10ರಿಂದ 20ರಷ್ಟಾದರೂ ತಳಕ್ಕೆ ಮುಟ್ಟಬೇಕು. ಮೇಲೆ ಕೆಸರು ಕೂತರೆ ಅದು ಉಸಿರು ಕಟ್ಟಿ ಸಾಯುತ್ತದೆ. ಜೇಡಿಗೆ ಅಂಟಿಕೊಂಡು ರಂಜಕವೂ ಬರುತ್ತದೆ.

ವಾದಕ್ಕೆ ವಾದ ಬೆಳೆಸಲಿಲ್ಲ. ದಿನಚರಿ ಪುಸ್ತಕದಲ್ಲಿ ಸಮಯ, ಅಂಕಿ, ಪೈಪಿನ ದಿಕ್ಕು ಬರೆದು, ಅಳಿವೆಗೆ ನೀರು ಬಿಡುವುದು ಪರವಾನಗಿಗೆ ವಿರುದ್ಧ ಎಂದು ಸೇರಿಸಿ, ಕೆಳಗೆ ಸಹಿ ಮಾಡಿ ಅವರ ಮುಂದೆ ಹಿಡಿದೆ. ‘ಬಿಡುವುದಾದರೆ ನಿಮ್ಮ ಸಹಿಯೂ ಇರಲಿ, ಸರ್’ ಎಂದೆ. ಅವರು ಸಹಿ ಹಾಕಲಿಲ್ಲ. ಫೋನ್ ಹಿಡಿದು ಶೆಡ್ಡಿನೊಳಗೆ ಹೋದರು. ಆ ಹೊತ್ತು ಬಹಳ ಉದ್ದವಾಗಿತ್ತು. ಹೊರಗೆ ಬಂದು ಪಂಪಿನ ಹುಡುಗನಿಗೆ ‘ಗೋದಾಮಿನಿಂದ ಇನ್ನಷ್ಟು ಪೈಪ್ ತಾ’ ಎಂದಷ್ಟೇ ಹೇಳಿದರು. ನೀರನ್ನು ಮೇಲ್ಭಾಗದಲ್ಲಿ, ಕೆರೆದ ಜಾಗದ ಆಚೆಗಿದ್ದ ಹುಲ್ಲುಗಾವಲಿಗೆ ಎತ್ತಿ ಹರಡಿದೆವು. ಹುಲ್ಲು ಅದನ್ನು ಕುಡಿಯಿತು.

ಗುಂಡಿಯ ನೀರು ಅಳಿವೆ ಸೇರುವುದು ತಪ್ಪಿತು, ಬೇಸಿನ್ನಿನದು ತಪ್ಪಲಿಲ್ಲ. ನಾವು ಪೈಪ್ ಜೋಡಿಸುತ್ತಿರುವಾಗಲೇ ಸ್ಪಿಲ್‌ವೇ ದಾಟಿತು. ಅದನ್ನು ತಡೆಯುವ ಯಾವ ಉಪಾಯವೂ ಆ ಹೊತ್ತಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ತುಂಬಿ ಹರಿಯದೇ ಇದ್ದಿದ್ದರೂ ಆ ಬೇಸಿನ್ ಜೇಡಿಯನ್ನು ಹಿಡಿಯುತ್ತಿರಲಿಲ್ಲ. ಕಣ ಸಣ್ಣದಾದಂತೆ ಅದು ಮುಳುಗುವ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ; ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಈ ಸೂತ್ರವನ್ನು ಕೊಟ್ಟಿದ್ದು 1851ರಲ್ಲಿ. 0.1 ಮಿಲಿಮೀಟರಿನ ಮರಳಿನ ಕಣ ನಿಂತ ನೀರಿನಲ್ಲಿ 1 ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.002 ಮಿಲಿಮೀಟರಿನ ಜೇಡಿಗೆ ಸುಮಾರು 3 ದಿನ ಬೇಕು. ಮಳೆ ನೀರಿಗೆ 3 ದಿನ ನಿಲ್ಲುವ ಪುರುಸೊತ್ತು ಎಲ್ಲಿದೆ? ಹಾಗಾಗಿ ಬೇಸಿನ್ ಮರಳನ್ನು ಇಟ್ಟುಕೊಂಡು ಜೇಡಿಯನ್ನು ಅಳಿವೆಗೆ ದಾಟಿಸುತ್ತದೆ. ಮಣ್ಣು ಕದಲಿದ ಮೇಲೆ ಹಿಡಿಯುವ ಸಾಧನಗಳೆಲ್ಲ ಎರಡನೆಯ ಸಾಲಿನವು. ಕದಲದಂತೆ ಇಡುವುದು ಹೊದಿಕೆ: ಹುಲ್ಲು, ಒಣಹುಲ್ಲಿನ ಮುಚ್ಚಿಗೆ, ನಾರಿನ ಚಾಪೆ. ಎಲ್ಲಕ್ಕಿಂತ ಮೇಲು, ಮಳೆಗಾಲಕ್ಕೆ ಮುನ್ನ ತೆರೆಯದೇ ಬಿಟ್ಟ ನೆಲ. ಅದನ್ನು ನಿರ್ಧರಿಸುವುದು ಕೆಲಸದ ವೇಳಾಪಟ್ಟಿ. ಆ ಪಟ್ಟಿ ತಯಾರಾಗುವ ಕೋಣೆಗೆ ನೀರಿನ ತಂಡದವರನ್ನು ಕರೆಯುವುದೇ ಇಲ್ಲ.

ವರದಿಯ ನಮೂನೆಯ ಬಗ್ಗೆಯೂ ಹೇಳಲೇಬೇಕು. ಅದು ಕೇಳುವುದು ತಿಂಗಳ ಸರಾಸರಿ. ತಿಂಗಳ 720 ಗಂಟೆಗಳಲ್ಲಿ 718 ಗಂಟೆ ನೀರು 8 ಎನ್‌ಟಿಯು ಇದ್ದು, 2 ಗಂಟೆ 800ಕ್ಕೆ ಏರಿತೆನ್ನಿ; ಸರಾಸರಿ ಬರುವುದು ಸುಮಾರು 10. ಕಡಲಹುಲ್ಲಿನ ಮೇಲೆ ಕೆಸರು ಕೂತದ್ದು ಆ 2 ಗಂಟೆಗಳಲ್ಲಿ, ಕಾಗದದಲ್ಲಿ ಆ ಗಂಟೆಗಳೇ ಇಲ್ಲ. ಒಮ್ಮೆ ಹೋಗಿ ಬಾಟಲಿಗೆ ತುಂಬಿ ತರುವ ಗ್ರಾಬ್ ಸ್ಯಾಂಪಲ್ ಆದರೆ ಇನ್ನೂ ಅನ್ಯಾಯ. ಬಿಸಿಲಿರುವಾಗ, ಕಚೇರಿಯ ವೇಳೆಯಲ್ಲಿ ತೆಗೆದ ಬಾಟಲಿ ಯಾವಾಗಲೂ ತಿಳಿಯಾಗಿಯೇ ಇರುತ್ತದೆ. ಈಗ ನಾನು, ನೀರಿನಲ್ಲೇ ಇದ್ದು ತಾನಾಗಿ ಅಳೆದು ದಾಖಲಿಸುವ ಲಾಗರಿನ ಗಂಟೆವಾರು ಗ್ರಾಫನ್ನು ಕೇಳದಿದ್ದರೂ ಲಗತ್ತಿಸುತ್ತೇನೆ, ಮಳೆಯ ಅಂಕಿಯನ್ನು ಅದರ ಕೆಳಗೇ ಇಡುತ್ತೇನೆ.

ಇನ್ನೊಂದು ಕೊರತೆಯಂತೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ನಾನು ಕಂಡ ನಿಗಾ ಒಪ್ಪಂದಗಳೆಲ್ಲ ಕಟ್ಟಡ ಹಸ್ತಾಂತರವಾದ ದಿನವೇ ಮುಗಿಯುತ್ತವೆ. ಮಣ್ಣಿನ ಕಾಟ ಕೆಲವು ಮಳೆಗಾಲಗಳದ್ದು. ಚಾವಣಿ, ಡಾಂಬರು, ವಾಹನ ನಿಲ್ದಾಣಗಳದ್ದು ಶಾಶ್ವತ. ಜಲಾನಯನದಲ್ಲಿ ನೀರು ಇಂಗದ ನೆಲ ಸುಮಾರು ಶೇ 10 ದಾಟಿದರೆ ತೊರೆಗಳ ಆರೋಗ್ಯ ಕೆಡತೊಡಗುವುದು ಕಂಡುಬಂದಿದೆ. ಹಸ್ತಾಂತರದ ನಂತರದ ಮೊದಲ ಜೋರು ಮಳೆ ಎಣ್ಣೆಯನ್ನು, ಹುಲ್ಲುಹಾಸಿಗೆ ಹಾಕಿದ ಗೊಬ್ಬರದ ಸಾರಜನಕವನ್ನು ಹೊತ್ತು ಅಳಿವೆಗೆ ಇಳಿಯುವಾಗ ಅಲ್ಲಿ ಲಾಗರ್ ಇರುವುದಿಲ್ಲ, ಅದನ್ನು ಕಳಚಿ ಕಚೇರಿಗೆ ಮರಳಿಸಿ ಆಗಿರುತ್ತದೆ. ಕೊನೆಯ ಕಂತಿನ ಹಣವನ್ನು ಹಸ್ತಾಂತರದ ನಂತರದ ಎರಡು ಮಳೆಗಾಲಗಳ ಗ್ರಾಫ್ ನೋಡಿದ ಮೇಲಷ್ಟೇ ಬಿಡುಗಡೆ ಮಾಡಬೇಕೆಂಬ ಷರತ್ತನ್ನು ಪ್ರತಿ ಟೆಂಡರ್ ಕರಡಿಗೂ ಬರೆದು ಕಳುಹಿಸುತ್ತಿದ್ದೇನೆ. ಇದುವರೆಗೆ ಪ್ರತಿ ಬಾರಿಯೂ ಅದನ್ನು ಹೊಡೆದು ಹಾಕಿದ್ದಾರೆ.