ದಿನಕ್ಕೆ ನಾಲ್ಕು ನಿಮಿಷ ಮೊದಲೇ ಬರುವ ದೋಷ

ಬೇರೆ ಉಪಕರಣಗಳು ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ. ರೇಡಿಯೊ ಮೂಕವಾಗುತ್ತದೆ, ಪವರ್ ಸಪ್ಲೈಯಿಂದ ಹೊಗೆ ಏಳುತ್ತದೆ. ಆವೃತ್ತಿ ಮಾನಕ, ಅಂದರೆ ಬೇರೆ ಉಪಕರಣಗಳಿಗೆ ಅಳತೆಗೋಲಾಗುವ ನಿಖರ ಆವೃತ್ತಿಯನ್ನು (ಫ್ರೀಕ್ವೆನ್ಸಿ) ಕೊಡುವ ಪೆಟ್ಟಿಗೆ, ಕೆಟ್ಟಾಗ ಹಾಗೇನೂ ಆಗುವುದಿಲ್ಲ. ಅದು ಎಂದಿನಂತೆ 10 ಮೆಗಾಹರ್ಟ್ಸ್ ಕೊಡುತ್ತಿರುತ್ತದೆ, ಮುಂದಿನ ಹಸಿರು ದೀಪವೂ ಉರಿಯುತ್ತಿರುತ್ತದೆ; ಸುಳ್ಳು ಇರುವುದು ಹತ್ತನೆಯ ಅಂಕಿಯಲ್ಲಿ. ಆ ಸುಳ್ಳನ್ನು ಹಿಡಿಯಲು ಒಬ್ಬ ಸಾಕ್ಷಿ ಬೇಕು, ಆ ಸಾಕ್ಷಿಯನ್ನು ನಂಬಲು ಇನ್ನೊಬ್ಬ ಬೇಕು. ಈ ಹವ್ಯಾಸಕ್ಕೆ ಬಿದ್ದವರ ಮೇಜಿನ ಮೇಲೆ ಪೆಟ್ಟಿಗೆಗಳು ಹೆಚ್ಚುತ್ತಾ ಹೋಗುವುದಕ್ಕೆ ಇದೇ ಕಾರಣ. ಮನೆಯವರಿಗೆ ಇದನ್ನು ವಿವರಿಸುವ ಪ್ರಯತ್ನವನ್ನು ನಾನು ಬಿಟ್ಟಿದ್ದೇನೆ.

ಈ ಸಲ ತೊಂದರೆ ಕೊಟ್ಟಿದ್ದು ಹಳೆಯ ದೂರಸಂಪರ್ಕ ಉಪಕರಣದಿಂದ ಬಿಚ್ಚಿ ತೆಗೆದ ಜಿಪಿಎಸ್ ನಿಯಂತ್ರಿತ ಆಸಿಲೇಟರ್, ಅಂದರೆ ಉಪಗ್ರಹಗಳ ಸಮಯಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತಾ ಆವೃತ್ತಿ ಹುಟ್ಟಿಸುವ ಪೆಟ್ಟಿಗೆ. ಒಳಗೆ ಪುಟ್ಟ ಓವನ್‌ನಲ್ಲಿ ಸದಾ ಬಿಸಿಯಾಗಿರುವ ಕ್ವಾರ್ಟ್ಜ್ ಸ್ಫಟಿಕವಿದೆ. ಜಿಪಿಎಸ್ ರಿಸೀವರ್ ಸೆಕೆಂಡಿಗೊಮ್ಮೆ ಕೊಡುವ ಮಿಡಿತಕ್ಕೆ ಹೋಲಿಸಿ, ನಿಯಂತ್ರಣ ವೋಲ್ಟೇಜನ್ನು ಚೂರುಚೂರೇ ಬದಲಿಸಿ ಅದನ್ನು ದಾರಿಗೆ ತರುವ ಸರ್ಕ್ಯೂಟ್ ಇದೆ. ಅದು ತೋರಿಸುವ ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರದ ಲೆಕ್ಕಕ್ಕೆ ಹತ್ತೇ ಬಿಟ್‌ಗಳಿರುವುದರಿಂದ 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರಲ್ಲಿ ಹಾಗಾಯಿತು, 2019ರಲ್ಲಿ ಮತ್ತೆ ಆಯಿತು. ಇದನ್ನು ಕಂಡು ಒಳ್ಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವವರಿದ್ದಾರೆ. ದಿನಾಂಕ ತಪ್ಪಿದರೂ ಸೆಕೆಂಡು ತಪ್ಪಿರುವುದಿಲ್ಲ.

ದೋಷ ಹುಡುಕುವ ಮೊದಲು ಅಳತೆಯನ್ನೇ ಅನುಮಾನಿಸಬೇಕು. ಆವೃತ್ತಿಯನ್ನೂ ಕಾಲವನ್ನೂ ಅಳೆಯುವ ಕೌಂಟರಿನ ಬೆನ್ನಿಗೆ ಹೋಗಿರುವ ರೆಫರೆನ್ಸ್ ಕೇಬಲ್ ಯಾವ ಪೆಟ್ಟಿಗೆಯಿಂದ ಬಂದಿದೆ ಎಂದು ಕೈಯಿಂದ ಎಳೆದು ನೋಡುತ್ತೇನೆ. ಅಳೆಯುವುದೂ ಅಳೆಸಿಕೊಳ್ಳುವುದೂ ಒಂದೇ ಮೂಲವಾದರೆ ಪರದೆಯ ಮೇಲೆ 10ರ ಮುಂದೆ ಸೊನ್ನೆಗಳ ಸಾಲು ನಿಲ್ಲುತ್ತದೆ. ನೋಡಲು ಚೆಂದ, ಹೇಳುವುದು ಶೂನ್ಯ. ಮಿಡಿತದ ಕೇಬಲ್ಲಿನ ತುದಿಯಲ್ಲಿ 50 ಓಮ್ ಟರ್ಮಿನೇಷನ್ (ಸಂಕೇತ ಮರಳಿ ಹೋಗದಂತೆ ಹೀರಿಕೊಳ್ಳುವ ರೋಧ) ಇಲ್ಲದಿದ್ದರೆ ಮಿಡಿತದ ಅಂಚು ಪ್ರತಿಫಲಿಸಿ ಮೆಟ್ಟಿಲಾಗುತ್ತದೆ, ಕೌಂಟರ್ ಒಮ್ಮೆ ಒಂದು ಮೆಟ್ಟಿಲಲ್ಲಿ, ಇನ್ನೊಮ್ಮೆ ಮತ್ತೊಂದರಲ್ಲಿ ಎಚ್ಚರಗೊಳ್ಳುತ್ತದೆ. ಸಾಧಾರಣ ಕೋ‌ಆಕ್ಸಿಯಲ್ ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡಮಾಡುತ್ತದೆ ಎಂಬುದೂ ನೆನಪಿರಬೇಕು.

ಅದೆಲ್ಲ ಸರಿಯಿತ್ತು. ಜಿಪಿಎಸ್ ಪೆಟ್ಟಿಗೆಯ ಮಿಡಿತವನ್ನು ಸಾಕ್ಷಿಯಾಗಿಟ್ಟ ರುಬಿಡಿಯಮ್ ಮಾನಕದ (ರುಬಿಡಿಯಮ್ ಪರಮಾಣುವನ್ನು ಆಧರಿಸಿದ ಆವೃತ್ತಿ ಮಾನಕ) ಮಿಡಿತದೊಂದಿಗೆ ಹೋಲಿಸಿ, ಸೆಕೆಂಡಿಗೊಂದು ಬಿಂದುವಿನಂತೆ ಎರಡರ ನಡುವಿನ ಕಾಲವ್ಯತ್ಯಾಸದ ಗ್ರಾಫ್ ಬರೆಸಿದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಗೆರೆಯ ಇಳಿಜಾರು ಎಂದರೆ ಆವೃತ್ತಿಯ ವ್ಯತ್ಯಾಸ: ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ ದಿನಕ್ಕೆ 864 ನ್ಯಾನೊಸೆಕೆಂಡ್ ಜಾರುತ್ತದೆ. ಗೆರೆ ನಿಧಾನವಾಗಿ ಬಾಗಿದರೆ ಸ್ಫಟಿಕಕ್ಕೆ ವಯಸ್ಸಾಗುತ್ತಿದೆ ಎಂದರ್ಥ. ಒಂದೇ ಕ್ಷಣದಲ್ಲಿ ಮೊಣಕೈಯಂತೆ ಮುರಿದರೆ ಎಲ್ಲೋ ಏನೋ ಸಡಿಲವಾಗಿದೆ.

ನನ್ನ ಗ್ರಾಫಿನಲ್ಲಿ ಎರಡು ರೋಗಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಹತ್ತಿಪ್ಪತ್ತು ನ್ಯಾನೊಸೆಕೆಂಡ್ ಎತ್ತರದ ಒಂದು ದಿಣ್ಣೆ ಏಳುತ್ತಿತ್ತು. ಜೊತೆಗೆ, ಯಾವ ಹೊತ್ತಿನ ಹಂಗೂ ಇಲ್ಲದೆ ಅಲ್ಲೊಂದು ಇಲ್ಲೊಂದು ಮುರಿತ. ಮಧ್ಯಾಹ್ನ ಎಂದರೆ ಸೆಖೆ ಎಂದು ಯಾರಾದರೂ ಹೇಳುತ್ತಾರೆ. ನಾನು ಕಾದೆ. ದಿಣ್ಣೆ ಮರುದಿನ ಸ್ವಲ್ಪ ಮೊದಲೇ ಬಂತು, ಅದರ ಮರುದಿನ ಇನ್ನೂ ಸ್ವಲ್ಪ ಮೊದಲು. ವಾರ ಕಳೆಯುವಷ್ಟರಲ್ಲಿ ಅರ್ಧ ಗಂಟೆಯಷ್ಟು ಮೊದಲೇ ಬರತೊಡಗಿತ್ತು. ಬಿಸಿಲು ಹಾಗೆ ಮಾಡುವುದಿಲ್ಲ. ಜಿಪಿಎಸ್ ಉಪಗ್ರಹಗಳು ಮಾಡುತ್ತವೆ. ಅವು ನಮ್ಮ ತಲೆಯ ಮೇಲೆ ಅದೇ ದಾರಿಗೆ ಮರಳುವುದು ನಾಕ್ಷತ್ರಿಕ ದಿನದ ಲೆಕ್ಕದಲ್ಲಿ, ಅಂದರೆ ಸುಮಾರು 23 ಗಂಟೆ 56 ನಿಮಿಷಕ್ಕೊಮ್ಮೆ. ದಿನಕ್ಕೆ ನಾಲ್ಕು ನಿಮಿಷ ಮೊದಲೇ ಬರುವ ದೋಷ ಆಕಾಶದ್ದು. ಗಡಿಯಾರದ ಅದೇ ಹೊತ್ತಿಗೆ ಬರುವ ದೋಷ ಕೋಣೆಯದು. ಆಂಟೆನಾದ ಒಂದು ಬದಿಗೆ ಗೋಡೆಯಿತ್ತು. ಅದಕ್ಕೆ ಬಡಿದು ತಡವಾಗಿ ಬಂದ ಸಂಕೇತವನ್ನೂ ರಿಸೀವರ್ ಲೆಕ್ಕಕ್ಕೆ ಹಿಡಿಯುತ್ತಿತ್ತು. ಆಂಟೆನಾವನ್ನು ಬಯಲಿಗೆ ಸರಿಸಿ, ದಿಗಂತದ ಹತ್ತಿರದ ಉಪಗ್ರಹಗಳನ್ನು ಕೈಬಿಡುವಂತೆ ರಿಸೀವರಿಗೆ ಹೇಳಿದ ಮೇಲೆ ದಿಣ್ಣೆ ಕರಗಿತು.

(ಕೆಲವೊಮ್ಮೆ ಉಪಗ್ರಹಗಳೇ ತಪ್ಪುತ್ತವೆ. 2016ರ ಜನವರಿ 26ರಂದು ಕೆಲವು ಜಿಪಿಎಸ್ ಉಪಗ್ರಹಗಳು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ತಿದ್ದುಪಡಿಯನ್ನು 13 ಮೈಕ್ರೊಸೆಕೆಂಡಿನಷ್ಟು ತಪ್ಪಾಗಿ ಪ್ರಸಾರ ಮಾಡಿದ್ದವು. ನಮ್ಮ ಲೋಕದಲ್ಲಿ ಅದು ಯುಗಾಂತರ.)

ಮುರಿತಗಳು ಉಳಿದವು. ಅವು ಯಾರವು ಎಂದು ತಿಳಿಯಲು ಮೂರನೆಯ ಆಸಿಲೇಟರನ್ನು ಕೂರಿಸಿದೆ. ಮೂರು ಜೋಡಿಗಳ ಗ್ರಾಫಿನಲ್ಲಿ ಎರಡರಲ್ಲಿ ಮುರಿತ ಕಂಡು, ಮೂರನೆಯದರಲ್ಲಿ ಕಾಣದಿದ್ದರೆ ಆ ಎರಡಕ್ಕೂ ಸಮಾನವಾದ ಪೆಟ್ಟಿಗೆಯೇ ಅಪರಾಧಿ. ರುಬಿಡಿಯಮ್ ನಿರಪರಾಧಿ, ಜಿಪಿಎಸ್ ಪೆಟ್ಟಿಗೆಯೇ ಅಪರಾಧಿ ಎಂದು ಸಾಬೀತಾಯಿತು.

ಆಮೇಲೆ ಅದರ ಮುಚ್ಚಳ ತೆಗೆದೆ. ಆಂಟೆನಾ ಕಿತ್ತು ಪೆಟ್ಟಿಗೆಯನ್ನು ಹೋಲ್ಡೋವರ್‌ಗೆ, ಅಂದರೆ ಜಿಪಿಎಸ್ ಆಸರೆಯಿಲ್ಲದೆ ನಡೆಯುವ ಸ್ಥಿತಿಗೆ, ತಂದೆ. ಆಗ ನಿಯಂತ್ರಣ ವೋಲ್ಟೇಜ್ ಇದ್ದಲ್ಲೇ ನಿಲ್ಲುತ್ತದೆ, ಸರ್ಕ್ಯೂಟ್ ದೋಷವನ್ನು ಮುಚ್ಚಿಹಾಕಲು ಬರುವುದಿಲ್ಲ. ಆಸಿಲ್ಲೋಸ್ಕೋಪನ್ನು ರುಬಿಡಿಯಮ್‌ನಿಂದ ಟ್ರಿಗರ್ ಮಾಡಿ, ಪರದೆಯ ಮೇಲೆ ಸ್ಫಟಿಕದ ಅಲೆಯನ್ನು ನಿಲ್ಲಿಸಿಕೊಂಡು, ಪೆನ್ಸಿಲಿನ ರಬ್ಬರ್ ತುದಿಯಿಂದ ಬೋರ್ಡನ್ನು ಅಲ್ಲಲ್ಲಿ ತಟ್ಟುತ್ತಾ ಬಂದೆ. ಓವನ್‌ನ ಒಂದು ಮೂಲೆ ತಟ್ಟಿದಾಗ, ನಿಂತಿದ್ದ ಅಲೆ ಸೆಕೆಂಡಿಗೆ ಒಂದು ನ್ಯಾನೊಸೆಕೆಂಡಿನಂತೆ ಎಡಕ್ಕೆ ತೆವಳತೊಡಗಿತು. ಇನ್ನೊಮ್ಮೆ ತಟ್ಟಿದರೆ ಮತ್ತೆ ನಿಂತಿತು. ಬೋರ್ಡು ತಿರುಗಿಸಿ ಭೂತಗನ್ನಡಿ ಹಿಡಿದರೆ, ಗ್ರೌಂಡ್ ಕಾಲಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಬೆಸುಗೆ ಬಿರುಕು ಬಿಟ್ಟಿತ್ತು.

ಗ್ರೌಂಡ್ ಕಾಲು ಸಡಿಲವಾದರೆ ಆವೃತ್ತಿ ಏಕೆ ಓಡಬೇಕು? ಹೀಟರಿನ ಕರೆಂಟು ಹರಿಯುವುದೂ ಅದೇ ಕಾಲಿನಲ್ಲಿ. 200 ಮಿಲಿಆಂಪಿಯರ್ ಹರಿಯುವಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗ ರೋಧ ಸೇರಿದರೂ 10 ಮಿಲಿವೋಲ್ಟ್ ಹುಟ್ಟುತ್ತದೆ. ನಿಯಂತ್ರಣ ವೋಲ್ಟೇಜನ್ನು ಸ್ಫಟಿಕ ಅಳೆದುಕೊಳ್ಳುವುದು ಆ ಗ್ರೌಂಡಿನಿಂದಲೇ ಆದ್ದರಿಂದ, ಆ 10 ಮಿಲಿವೋಲ್ಟ್ ನೇರವಾಗಿ ಆವೃತ್ತಿಗೆ ತಾಗುತ್ತದೆ.

ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಲು ಕೆಲವೇ ನಿಮಿಷ ಸಾಕಾಯಿತು. ಆದರೆ ಅದಕ್ಕಾಗಿ ಓವನ್ ಆರಿಸಬೇಕಾಯಿತು, ಒಮ್ಮೆ ತಣ್ಣಗಾದ ಸ್ಫಟಿಕ ಮತ್ತೆ ಬಿಸಿಯಾದ ಮೇಲೆ ಹಳೆಯ ಆವೃತ್ತಿಗೆ ಕೂಡಲೇ ಮರಳುವುದಿಲ್ಲ. ದಿನಗಟ್ಟಲೆ ಅಲೆದಾಡಿ ನೆಲೆ ನಿಲ್ಲುತ್ತದೆ. ಅಲ್ಲಿಯವರೆಗಿನ ಗ್ರಾಫನ್ನು ನಾನು ನೋಡಲೇ ಇಲ್ಲ. ಈಗ ಗೆರೆ ಮುರಿಯದೆ ಸಾಗುತ್ತಿದೆ, ನಿಯಂತ್ರಣ ವೋಲ್ಟೇಜ್ ಮಾತ್ರ ವಯಸ್ಸಿಗೆ ತಕ್ಕಂತೆ ಒಂದೇ ದಿಕ್ಕಿಗೆ ಏರುತ್ತಿದೆ. ಅದು ತನ್ನ ಮಿತಿಯ ಹತ್ತಿರ ಬಂದಾಗ ಓವನ್ ಮೇಲಿನ ಸ್ಕ್ರೂವನ್ನು ತುಸು ತಿರುಗಿಸಿ ಮತ್ತೆ ನಡುವಿಗೆ ತರಬೇಕು. ವೋಲ್ಟೇಜನ್ನು ತಿಂಗಳಿಗೊಮ್ಮೆ ಬರೆದಿಡುತ್ತಿದ್ದೇನೆ.